ಹಿಟ್ಟಜ್ಜ ಎಂದು ಕರೆದವರಿಗೆ

ಬೋರಜ್ಜ ಎಲ್ಲರನ್ನೂ ಕ್ಷಮಿಸಿ ಕಣ್ಣು ಮುಚ್ಚಿದ ಎಂದು ಹೇಳುತ್ತಾರೆ. ಚಳ್ಳಕೆರೆಯ ನಮ್ಮ ಕಾಲೇಜಿನಲ್ಲಿ ನಡೆದ ಸಂತಾಪ ಸಭೆಯಲ್ಲಿ, ನನಗೆ ಚರ್ಚಾಸ್ಪರ್ಧೆ ಕಲಿಸಿದ ಅಧ್ಯಾಪಕರೇ ಮೈಕಿನ ಮುಂದೆ ನಿಂತು ಹಾಗೆಂದರು. ದೊಡ್ಡ ಮನಸ್ಸಿನ ಜೀವವಂತೆ, ಯಾರ ಮೇಲೂ ಸಿಟ್ಟಿಟ್ಟುಕೊಂಡವರಲ್ಲವಂತೆ, ತಮ್ಮನ್ನಂತೂ ಮಗನ ಹಾಗೆ ಕಂಡರಂತೆ. ಮುಂದಿನ ಸಾಲಿನಲ್ಲಿ ಕೂತವರು ತಲೆದೂಗಿದರು. ನಾನು ತೂಗಲಿಲ್ಲ. ಯಾರು ಏನು ಹೇಳಿದರೂ ಆಧಾರ ಕೇಳುವ ಚಟವನ್ನು ನನ್ನಲ್ಲಿ ಗಟ್ಟಿ ಮಾಡಿದವರು ಅವರೇ. ಆದ್ದರಿಂದ ಕೇಳುತ್ತೇನೆ: ಬೋರಜ್ಜ ಯಾರನ್ನಾದರೂ ಕ್ಷಮಿಸಿದ್ದನ್ನು ಕಂಡವರು ಯಾರಿದ್ದೀರಿ?

ನಾನಂತೂ ಕಂಡಿಲ್ಲ. ಅವನು ಒಂದು ಹೋತವನ್ನೂ ಕ್ಷಮಿಸಿದವನಲ್ಲ. ಅದು ಮರಿಯಾಗಿದ್ದಾಗ ಒಮ್ಮೆ ಹಿಂದಿನಿಂದ ಬಂದು ಗುಮ್ಮಿ ಅವನನ್ನು ಬಂಡೆಯ ಮೇಲೆ ಕೆಡವಿತ್ತು. ಅದನ್ನು ಮಾರಲಿಲ್ಲ, ಹೊಡೆಯಲಿಲ್ಲ. ವರ್ಷಗಟ್ಟಲೆ, ಸೊಪ್ಪು ಹಾಕುವ ಹೊತ್ತಿಗೆ ಅದನ್ನು ತಾನು ಬಿದ್ದ ಬಂಡೆಯ ಹತ್ತಿರಕ್ಕೇ ಎಳೆದುಕೊಂಡು ಹೋಗುತ್ತಿದ್ದ. ‘ನೆನಪೈತೇನಲೇ?’ ಎಂದು ಕೇಳಿ, ಅದು ಸುಮ್ಮನೆ ನಿಂತ ಮೇಲೆ ಸೊಪ್ಪು ಹಾಕುತ್ತಿದ್ದ. ಇಂಥವನಿಗೆ ದೊಡ್ಡ ಮನಸ್ಸಿನ ಪಟ್ಟ ಕಟ್ಟಿ ಕಳಿಸುವುದು ಅವನಿಗೆ ಮಾಡುವ ಎರಡನೇ ಅವಮಾನ. ಮೊದಲನೆಯದರಲ್ಲಿ ನನ್ನ ಪಾಲೂ ಇದೆ.

ಬೋರಜ್ಜನ ಮನೆ ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಹತ್ತಿರ, ಗುಡ್ಡದ ಬುಡದಲ್ಲಿ. ಉದ್ದನೆಯ ಒಣ ಆಸಾಮಿ. ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಯಾರ ಕೈ ನಡುಗುತ್ತಿದೆ, ಯಾರು ಉಗುರು ಕಚ್ಚುತ್ತಾರೆ, ಯಾರು ಸೆರಗಿನ ತುದಿ ಹಿಂಡುತ್ತಾರೆ ಎಂಬುದರಲ್ಲೇ ಅವನಿಗೆ ಅರ್ಧ ವಿಷಯ ತಿಳಿಯುತ್ತಿತ್ತು. ಆಡು ಮೇಯಿಸುವುದು ಅವನ ಕಸುಬು. ಬೇರು ಕೊಡುವುದು ಅವರಪ್ಪನಿಂದ ಬಂದದ್ದು. ಪುಸ್ತಕದಲ್ಲಿ ಅಶ್ವಗಂಧ, ನಮ್ಮೂರಲ್ಲಿ ಹಿರೇಮದ್ದು, ಗಡಿಯಾಚೆಯ ತೆಲುಗಿನವರ ಜತೆ ಒಡನಾಡಿದ ಅವನ ಬಾಯಲ್ಲಿ ಪೆನ್ನೇರು. ಮೊಣಕಾಲೆತ್ತರದ ಬೂದು ಬಣ್ಣದ ಗಿಡ, ಕಾಗದದಂಥ ಸಿಪ್ಪೆಯೊಳಗೆ ಕೆಂಪು ಹಣ್ಣು. ಅದರ ಬೇರನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಕೊಡುತ್ತಿದ್ದ. ಎದೆ ಬಡಿದುಕೊಳ್ಳುವವರಿಗೆ, ನಿದ್ದೆ ಬಾರದವರಿಗೆ, ಕಾರಣವಿಲ್ಲದೆ ಗಾಬರಿಯಾಗುವವರಿಗೆ. ಹಾಲಿಗೆ ಒಂದು ಚಮಚ, ಸ್ವಲ್ಪ ಬೆಲ್ಲ.

ನಾನು ಬಿ.ಜಿ. ಕೆರೆಯವಳು. ಪಿಯುಸಿಯಲ್ಲಿದ್ದಾಗ ಚರ್ಚಾಸ್ಪರ್ಧೆಯ ವೇದಿಕೆ ಹತ್ತುವ ಮುಂಚೆ ನನಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಎದುರಾಳಿಯ ವಾದ ಮುರಿಯುವುದು ಬಾಯಿಪಾಠ, ಆದರೆ ರಾತ್ರಿ ನಿದ್ದೆಯಿಲ್ಲ, ಕೈ ಒದ್ದೆ ಬಟ್ಟೆ. ಆಸ್ಪತ್ರೆಯಲ್ಲಿ ಎದೆಯ ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಅವ್ವ ನನ್ನನ್ನು ಬೋರಜ್ಜನ ಹತ್ತಿರ ಎಳೆದುಕೊಂಡು ಹೋದಳು. ನಾನು ಹೋಗಿದ್ದು ಅವನ ಬಣ್ಣ ಬಯಲು ಮಾಡಲಿಕ್ಕೆ.

ಅವನು ಮೊದಲು ಮಾಡಿಸಿದ ಕೆಲಸ, ನಮ್ಮ ಚೀಲವನ್ನು ಜಗಲಿಯ ಮೇಲೆ ಸುರಿಸಿದ್ದು. ಯಾವ ಮಾತ್ರೆ ನುಂಗುತ್ತೀರಿ, ಎಲ್ಲಾ ಹೊರಗೆ ಬರಲಿ. ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ ಕಂಡರೆ ಬೇರು ಇಲ್ಲ. ಬಸುರಿಯರಿಗೆ ಇಲ್ಲವೇ ಇಲ್ಲ. ಅವನು ನನಗೆ ಒಂದು ಪೊಟ್ಟಣ ಕಟ್ಟಿಕೊಡುವಾಗ ಗಿಡ ಕೀಳುವ ಮಾತು ಬಂತು. ಹಿಂದಿನ ದಿನ ಸಂಜೆ ಗಿಡಕ್ಕೆ ಅರಿಶಿನದ ದಾರ ಕಟ್ಟುವುದು, ಬೆಳಗ್ಗೆ ತನ್ನ ನೆರಳು ಗಿಡದ ಮೇಲೆ ಬೀಳದ ಹಾಗೆ ನಿಂತು ಅಗೆಯುವುದು ಎಂದು ಅವ್ವ ಭಕ್ತಿಯಿಂದ ವಿವರಿಸಿದಳು. ನಾನು ಕಾದಿದ್ದ ಸಂದರ್ಭ ಅದೇ. ದಾರಕ್ಕೂ ಬೇರಿನ ಗುಣಕ್ಕೂ ಏನು ಸಂಬಂಧ ಎಂದು ಕೇಳಿದೆ.

‘ಏನೂ ಇಲ್ಲ,’ ಎಂದ ಬೋರಜ್ಜ. ‘ಬೆಳಗ್ಗೆ ಬಂದಾಗ ಯಾವ ಗಿಡ ಅಂತ ಗುರ್ತು ಸಿಗಬೇಕಲ್ಲವ್ವ.’

‘ಮತ್ತೆ ನೆರಳು?’

‘ನೆರಳು ಬಿದ್ರೆ ಬೇರು ಕಾಣಲ್ಲ. ಗುದ್ದಲಿ ಕಾಲಿಗೆ ಬೀಳ್ತೈತೆ.’ ಎಡಗಾಲಿನ ಹೆಬ್ಬೆರಳು ತೋರಿಸಿದ. ಅರ್ಧ ಇರಲಿಲ್ಲ. ‘ನಮ್ಮಪ್ಪಗೆ ನಂಬಿಕೆ ಇತ್ತು. ನಂಗೆ ಬೆರಳು ಹೋದ ಮೇಲೆ ಬಂತು.’

ಅಂದಿನಿಂದ ಅವನು ನನ್ನನ್ನು ಲಾಯರಮ್ಮ ಎಂದು ಕರೆಯತೊಡಗಿದ. ನನಗೂ ಹದಿನೈದು ದಿನದಲ್ಲಿ ನಿದ್ದೆ ಹಿಡಿಯಿತು. ವೇದಿಕೆಯ ಮೇಲೆ ಎದೆ ಬಡಿದುಕೊಳ್ಳುವುದು ಪೂರ್ತಿ ನಿಲ್ಲಲಿಲ್ಲ, ಆದರೆ ನನ್ನ ಮಾತು ನನಗೆ ಕೇಳಿಸುವಷ್ಟು ಕಡಿಮೆಯಾಯಿತು. ಇದನ್ನು ಹೇಳಿ, ಹಾಗೆಂದು ನಿನ್ನ ಬೇರಿನಿಂದಲೇ ಎಂದು ಒಪ್ಪುವುದಿಲ್ಲ, ಆ ವಾರವೇ ನನ್ನ ಪರೀಕ್ಷೆಯೂ ಮುಗಿದಿತ್ತು ಎಂದೆ. ಬೇಜಾರಾಗುತ್ತಾನೆ ಅಂದುಕೊಂಡಿದ್ದೆ. ಅವನು ಎದ್ದು ಹೋಗಿ ಕೋಣೆಯ ಕದ ತೆಗೆದು ಒಳಗೆ ಕರೆದ.

ಕೋಣೆಯ ಎರಡು ಗೋಡೆಗಳ ಮೇಲೂ ಇದ್ದಿಲಿನ ಗೀಟುಗಳು. ಕೆಲವಕ್ಕೆ ಅಡ್ಡಗೀಟು. ಬಲಗಡೆಯ ಗೋಡೆ ಬೇರು ಕುಡಿದವರದು, ಎಡಗಡೆಯದು ಜೋಳದ ಹಿಟ್ಟು ಕುಡಿದವರದು. ನಿದ್ದೆ ಬಂತು ಎಂದು ಬಂದು ಹೇಳಿದವರಿಗೆ ಅಡ್ಡಗೀಟು. ಅವನು ಯಾವ ನಾಚಿಕೆಯೂ ಇಲ್ಲದೆ ಕ್ರಮ ಹೇಳಿದ: ಜೋಳದ ಹಿಟ್ಟಿನ ಗಂಟನ್ನು ಬೇರಿನ ಚೀಲದೊಳಗೆ ವಾರ ಇಟ್ಟರೆ ಅದಕ್ಕೂ ಬೇರಿನ ಕುದುರೆ ಮೈ ವಾಸನೆಯೇ ಹತ್ತುತ್ತದೆ, ಕಹಿಗೆ ಚಿಟಿಕೆ ಬೇವಿನ ತೊಗಟೆಯ ಪುಡಿ ಸಾಕು.

ಇದು ಮೋಸ ಎಂದೆ.

‘ಹದಿನೈದು ದಿನ ನೋಡ್ತೀನಿ ಲಾಯರಮ್ಮ. ನಿದ್ದೆ ಬರಲಿಲ್ಲ ಅಂದ್ರೆ ಬೇರು ಕೊಟ್ಟೇ ಕೊಡ್ತೀನಿ. ಬಂತು ಅಂದ್ರೆ ಒಂದು ಗಿಡ ಉಳೀತು. ಗುಡ್ಡದಾಗೆ ಎಷ್ಟು ಉಳಿದಾವೆ, ನೀನೇ ನೋಡಿದೀಯಲ್ಲ.’

‘ಹಿಟ್ಟಿಗೂ ನಿದ್ದೆ ಬರುತ್ತಾ?’

‘ಬತ್ತೈತೆ. ಅದೇ ನಂಗೆ ತಲೆಬಿಸಿ. ಬೇರಿಗೆ ಜಾಸ್ತಿ ಜನಕ್ಕೆ ಬತ್ತೈತೆ, ಹಿಟ್ಟಿಗೆ ಕಮ್ಮಿ. ಆದ್ರೆ ಬೇರು ಗೆಲ್ಲಲಿ ಅಂತ ನಾನೇ ಆಸೆ ಪಟ್ಟು ಗೀಟು ಎಳೀತಿದೀನೋ ಏನೋ.’

ಅಕ್ಷರ ಬಾರದ ಮನುಷ್ಯ ಇದನ್ನು ಹೇಳಿದ. ಅಶ್ವಗಂಧ ಗಾಬರಿಯನ್ನು ತಗ್ಗಿಸಬಹುದು ಎಂದು ಈಗ ಓದಿದವರೂ ಹೇಳುತ್ತಾರೆ. ನಾನು ಹುಡುಕಿ ಓದಿದ್ದೇನೆ. ಆಸೆ ಹುಟ್ಟಿಸುವ ಫಲಗಳಿವೆ, ಪ್ರಯೋಗಗಳು ಚಿಕ್ಕವು, ಇನ್ನೂ ನೋಡಬೇಕು ಎಂಬ ಮಾತೇ ಕೊನೆಗೆ ಬರುತ್ತದೆ. ಬೋರಜ್ಜ ಅದನ್ನೇ ಇದ್ದಿಲಿನಲ್ಲಿ ಬರೆದಿದ್ದ. ಆದರೂ ನಾನು ಬಿಡಲಿಲ್ಲ. ಯಾರಿಗೆ ಬೇರು ಯಾರಿಗೆ ಹಿಟ್ಟು ಎಂದು ನೀನೇ ಆರಿಸಿದರೆ ಲೆಕ್ಕಕ್ಕಿಲ್ಲ, ನಿನಗೆ ಇಷ್ಟವಾದವರಿಗೆ ಬೇರು ಹೋಗುತ್ತದೆ ಎಂದು ವಾದಿಸಿದೆ. ಮತ್ತೆ ಹೆಂಗೆ ಎಂದ. ಚೌಕಾಬಾರಕ್ಕೆ ಒಂದು ಮಗ್ಗುಲು ಬಿಳಿಯಾಗುವಂತೆ ಉಜ್ಜಿದ ಹುಣಸೆ ಬೀಜ ಒಂದು ಸಾಕು ಎಂದೆ. ಬಿಳಿ ಬಿದ್ದರೆ ಬೇರು, ಕರಿ ಬಿದ್ದರೆ ಹಿಟ್ಟು. ಅವನು ಆ ಬೀಜವನ್ನು ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿ, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ನನ್ನನ್ನು ಬೈದ. ನನಗೆ ಸಿಕ್ಕ ಯಾವ ಬಹುಮಾನವೂ ಅದಕ್ಕೆ ಸಮವಲ್ಲ. ಕೊಡುವ ನೀನೇ ಯಾವುದೆಂದು ತಿಳಿದಿದ್ದರೆ ನಿನ್ನ ಮುಖವೇ ಹೇಳಿಬಿಡುತ್ತದೆ ಎಂಬ ಇನ್ನೊಂದು ದೋಷವೂ ಇತ್ತು. ಅದನ್ನು ಸರಿಪಡಿಸುವಷ್ಟರಲ್ಲಿ ನಾನು ಎಲ್ಲವನ್ನೂ ಹಾಳು ಮಾಡಿದೆ.

ಹಾಳು ಮಾಡಿದ್ದು ಹೆಮ್ಮೆಯಿಂದ. ಆಗ ನಾನು ಡಿಗ್ರಿಗೆ ಚಳ್ಳಕೆರೆಯ ಕಾಲೇಜು ಸೇರಿದ್ದೆ. ಅಲ್ಲಿ, ಮುಂದೆ ಆ ಸಂತಾಪ ಸಭೆಯಲ್ಲಿ ಮಾತಾಡಿದ ನಮ್ಮ ಸರ್ ಇದ್ದರು. ಹೆಸರು ಬರೆಯುವುದಿಲ್ಲ, ಅವರಿಗೆ ಗೊತ್ತಾದರೆ ಸಾಕು. ಬೋರಜ್ಜನ ಗೋಡೆ, ಗೀಟು, ಜೋಳದ ಹಿಟ್ಟು ಎಲ್ಲವನ್ನೂ ಒಂದು ಮಧ್ಯಾಹ್ನ ಅವರಿಗೆ ಹೇಳಿದೆ. ಅವರ ಕಣ್ಣು ಅರಳಿತು. ಇಂಥವರನ್ನು ಹುಡುಗರು ನೋಡಬೇಕು, ಕರೆದುಕೊಂಡು ಬಾ ಎಂದರು. ಸನ್ಮಾನ ಎಂದೇ ತಿಳಿದೆ. ಬೋರಜ್ಜ ಹೊಸ ಟವಲ್ ಹಾಕಿಕೊಂಡ. ಬಸ್ಸಿನಲ್ಲಿ ದಾರಿಯುದ್ದಕ್ಕೂ, ಅಲ್ಲಿ ಬೇರಿನ ಗಿಡ ಬೆಳೆಸುವ ಮಾತು ಎತ್ತಿದರೆ ಯಾರಾದರೂ ಬೀಜ ತಗೊಂಡು ಹೋದಾರೇ ಎಂದು ಕೇಳುತ್ತಿದ್ದ. ಟವಲಿನ ತುದಿಯಲ್ಲಿ ಬೀಜ ಕಟ್ಟಿಕೊಂಡಿದ್ದ.

ಸಭಾಂಗಣದ ಬ್ಯಾನರ್ ನೋಡಿದಾಗ ನನಗೆ ಅನುಮಾನ ಬರಬೇಕಿತ್ತು: ‘ನಾಟಿ ಔಷಧಿ: ಅರಿವೋ, ಮೋಸವೋ?’ ನಿಯಮ ಚರ್ಚಾಸ್ಪರ್ಧೆಯದೇ. ಪ್ರತಿ ಉತ್ತರಕ್ಕೆ ಎರಡು ನಿಮಿಷ. ಸಮಯ ನೋಡಿ ಗಂಟೆ ಬಾರಿಸುವ ಕೆಲಸ ನನ್ನದು. ಸರ್ ಎದ್ದು ನಿಂತು, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ ಎಂದು ಬೋರಜ್ಜನನ್ನು ಕೇಳಿದರು. ‘ಔಷಧಿ ಎಂದು ನಂಬಿ ಬಂದವರಿಗೆ ಜೋಳದ ಹಿಟ್ಟು ಕೊಟ್ಟಿದ್ದೀರಾ?’

‘ಕೊಟ್ಟಿದೀನಿ,’ ಎಂದ ಬೋರಜ್ಜ. ‘ಯಾಕೆ ಕೊಟ್ಟೆ ಅಂದ್ರೆ...’

ಶಿಳ್ಳೆ, ನಗು, ಬೆಂಚು ಕುಟ್ಟುವ ಸದ್ದು. ಅದೆಲ್ಲ ಅಡಗುವವರೆಗೆ ಅವನು ಮರ್ಯಾದೆಯಿಂದ ಕಾದ. ಆಮೇಲೆ ಅವರಪ್ಪನಿಂದ ಶುರುಮಾಡಿದ. ದಾರ, ನೆರಳು, ಹೆಬ್ಬೆರಳು. ಗೋಡೆಯ ಹತ್ತಿರ ಬರುವಷ್ಟರಲ್ಲಿ ಎರಡು ನಿಮಿಷ ಮುಗಿಯಿತು. ನಾನು ಗಂಟೆ ಬಾರಿಸಿದೆ. ಆಡಿನ ಕೊರಳ ಗಂಟೆಗೆ ಒಗ್ಗಿದ ಕಿವಿ, ಸದ್ದು ಎಲ್ಲಿಂದ ಬಂತು ಎಂದು ಅವನು ಅತ್ತಿತ್ತ ನೋಡಿದ. ಕೊನೆಗೆ ನನ್ನ ಕೈ ನೋಡಿದ. ಸರ್ ಅವನ ಕೈಯಿಂದ ಮೈಕ್ ತೆಗೆದುಕೊಂಡು ಧನ್ಯವಾದ ಹೇಳಿ, ಶಾಲು ಹೊದಿಸಿದರು.

ಬಾರಿಸದೆ ಇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ವರ್ಷಗಟ್ಟಲೆ ಗಂಟೆಗೆ ಮಾತು ನಿಲ್ಲಿಸುವುದನ್ನು ಕಲಿತವರಿಗೆ ಅದು ಹೊಳೆಯುವುದಿಲ್ಲ. ಮುಳ್ಳು ಎರಡಕ್ಕೆ ಬಂತು, ಕೈ ತಾನೇ ಹೋಯಿತು.

ವಾಪಸ್ ಬರುವ ಬಸ್ಸು ಸಿದ್ದಾಪುರ ಮುಟ್ಟುವ ಮುಂಚೆ ಅವನ ‘ಕೊಟ್ಟಿದೀನಿ’ ಎಂಬ ಒಂದೇ ಮಾತಿನ ವಿಡಿಯೋ ಮೊಬೈಲುಗಳಲ್ಲಿ ಊರೂರು ತಲುಪಿತ್ತು. ಅದರ ಮುಂದಿನ ‘ಯಾಕೆ’ಯನ್ನು ಕತ್ತರಿಸಿದ್ದರು. ಮಾರನೇ ದಿನದಿಂದ ಅವನು ಹಿಟ್ಟಜ್ಜ. ಅಂಗಡಿ ಮುಂದೆ ಹೋದರೆ, ಹಿಟ್ಟಜ್ಜ ಬಂದ, ಗಿರಣಿ ಆ ಕಡೆ ಐತೆ ಎನ್ನುವವರು. ಪೊಟ್ಟಣ ಒಯ್ದಿದ್ದವರು ಬಂದು ಜಗಲಿಯ ಮೇಲೆ ಎಸೆದು ಹೋದರು. ಬೇಲಿಯ ಪಕ್ಕದಲ್ಲಿ ಅವನು ಬೀಜ ಹಾಕಿ ಬೆಳೆಸಿದ್ದ ಗಿಡಗಳನ್ನು ಯಾರೋ ಬುಡಸಮೇತ ಕಿತ್ತು ಬಾಗಿಲಿಗೆ ರಾಶಿ ಹಾಕಿದರು.

ಅವನಿಗೆ ಹೆಚ್ಚು ತಾಗಿದ್ದು ನಮ್ಮ ಮನೆಯ ಪಕ್ಕದ ರತ್ನಕ್ಕನದು. ಗಂಡ ಲಾರಿ ಓಡಿಸುವವನು. ಅವನು ಹೊರಟ ದಿನದಿಂದ ವಾಪಸ್ ಬರುವವರೆಗೆ ಅವಳಿಗೆ ಎದೆ ದಡದಡ. ಅವಳಿಗೆ ಬಿದ್ದಿದ್ದು ಬಿಳಿ, ಕುಡಿದಿದ್ದು ನಿಜವಾದ ಬೇರು. ಎರಡು ತಿಂಗಳು ಚೆನ್ನಾಗಿ ಮಲಗಿದ್ದಳು. ವಿಡಿಯೋ ನೋಡಿದ ಸಂಜೆಯೇ ಡಬ್ಬಿಯನ್ನು ಬಚ್ಚಲಿಗೆ ಸುರಿದಳು. ವಿಷಯ ತಿಳಿದ ಬೋರಜ್ಜ ನಮ್ಮೂರಿಗೇ ಬಂದು ಅವಳ ಬಾಗಿಲಲ್ಲಿ ನಿಂತ. ನಾನು ನಮ್ಮ ಜಗಲಿಯಿಂದ ಕೇಳಿಸಿಕೊಂಡೆ.

‘ನಿಂಗೆ ಕೊಟ್ಟಿದ್ದು ಬೇರೇ ಕಣವ್ವ. ಆಣೆಗೂ ಬೇರು.’

ಕದ ತೆರೆಯಲಿಲ್ಲ. ಒಳಗಿಂದಲೇ ರತ್ನಕ್ಕ, ‘ಹಿಟ್ಟು ನಮ್ಮನ್ಯಾಗೇ ಐತೆ, ಹೋಗಜ್ಜ,’ ಎಂದಳು.

ಅವಳಿಗೆ ನಿದ್ದೆ ಮತ್ತೆ ಹೋಯಿತು. ಅವನು ನನ್ನ ಕಡೆ ತಿರುಗಿಯೂ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ತಪ್ಪಾಯಿತು ಎನ್ನಲು ನಾನು ನಾಲ್ಕಾರು ಸಲ ಹೋದೆ. ನಾನು ಮಾತಾಡಿದರೆ ಅವನು ಹೋತಕ್ಕೆ ಉತ್ತರ ಕೊಡುತ್ತಿದ್ದ. ‘ಯಾರೋ ಬಂದವ್ರೆ ನೋಡಲೇ. ಗಂಟೆ ತಂದವ್ರೇನೋ ಕೇಳು.’ ನಾನು ಅಳುತ್ತಿದ್ದರೆ ಹೋತದ ಬೆನ್ನು ಸವರುತ್ತಾ ಕೂರುತ್ತಿದ್ದ. ಮೊದಲು ಸರ್ ಹತ್ತಿರ ಹೋಗಿ ಜಗಳವಾಡಿದ್ದೆ. ತಾವು ಪ್ರಶ್ನೆಯನ್ನಷ್ಟೇ ಕೇಳಿದ್ದು, ಉತ್ತರ ಅವರದು ಎಂದಿದ್ದರು. ಗೆದ್ದ ಮೇಲೆ ಎದುರಾಳಿಯ ಬಗ್ಗೆ ಮರುಕ ಪಡಬಾರದು ಎಂದೂ ಸೇರಿಸಿದ್ದರು.

ಒಂದೂವರೆ ವರ್ಷ ಕಳೆಯಿತು. ಸರ್‌ಗೆ ನಿದ್ದೆ ಹೋಯಿತು. ಪಾಠದ ನಡುವೆ ಬೋರ್ಡಿಗೆ ಕೈ ಊರಿ ನಿಂತುಬಿಡುತ್ತಿದ್ದರು. ಎದೆಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ತರಗತಿಯಲ್ಲೇ ತೂಕಡಿಸುವಂತೆ ಮಾಡಿತು, ಬಿಟ್ಟರು. ಒಂದು ದಿನ ಗ್ರಂಥಾಲಯದ ಮೂಲೆಗೆ ನನ್ನನ್ನು ಕರೆದು, ತಮ್ಮ ಸಂಬಂಧಿಕರೊಬ್ಬರಿಗೆ ಆ ಪುಡಿ ಬೇಕಿತ್ತು, ತಂದುಕೊಡುತ್ತೀಯಾ ಎಂದರು. ನಾನು ಹೋಗಿ ಬೋರಜ್ಜನಿಗೆ ಹೇಳಿದೆ. ಅಷ್ಟು ದಿನಗಳಲ್ಲಿ ಮೊದಲ ಬಾರಿ ಅವನು ನನ್ನೊಂದಿಗೆ ನೇರವಾಗಿ ಮಾತಾಡಿದ.

‘ಅವನೇ ಬರ್ಲಿ.’

ಬಂದರು. ಭಾನುವಾರ ಬೆಳಗ್ಗೆ, ಹೆಲ್ಮೆಟ್ ತೆಗೆಯದೆ ಜಗಲಿ ಹತ್ತಿದರು. ಬೋರಜ್ಜ ಯಾವ ಹಳೆಯ ಮಾತೂ ಎತ್ತಲಿಲ್ಲ. ‘ಹೆಲ್ಮೆಟ್ ತೆಗೀರಿ ಮೇಷ್ಟ್ರೇ, ಕಣ್ಣು ನೋಡ್ಬೇಕು,’ ಎಂದ. ಚೀಲ ಸುರಿಸಿದ. ಮಾತ್ರೆ ಬಿಟ್ಟು ಎಷ್ಟು ದಿನವಾಯಿತು, ಡಾಕ್ಟರಿಗೆ ಹೇಳಿದ್ದೀರಾ ಎಂದು ವಿಚಾರಿಸಿದ. ಎಲ್ಲರಿಗೂ ಮಾಡುತ್ತಿದ್ದಷ್ಟನ್ನೂ ಮಾಡಿದ, ಒಂದು ಗುಲಗಂಜಿ ಕಡಿಮೆ ಮಾಡಲಿಲ್ಲ. ಆಮೇಲೆ ಮಡಿಲಿನಿಂದ ಹುಣಸೆ ಬೀಜ ತೆಗೆದು, ಎರಡೂ ಕೈಗಳ ನಡುವೆ ಕುಲುಕಿ, ಅಂಗೈಯೊಳಗೇ ಕೆಡವಿ, ಬೆರಳ ಸಂದಿಯಲ್ಲಿ ನೋಡಿಕೊಂಡ. ನಮಗೆ ತೋರಿಸಲಿಲ್ಲ. ಒಳಗೆ ಹೋಗಿ ಒಂದು ಡಬ್ಬಿ ತುಂಬಿಕೊಂಡು ಬಂದ.

ಸರ್ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ‘ಇದು ಬೇರೇ ತಾನೇ? ಹೌದೋ ಅಲ್ಲವೋ ಹೇಳಿಬಿಡಿ.’

‘ಹೌದು ಅಲ್ಲ ಅನ್ನೋದು ನಿಮ್ಮ ಕಾಲೇಜಿನಾಗೆ ಮೇಷ್ಟ್ರೇ. ಇಲ್ಲಿ ಹಾಲಿಗೆ ಹಾಕ್ಕೊಂಡು ಕುಡಿಯೋದು.’

‘ಆಮೇಲಾದರೂ ಹೇಳುತ್ತೀರಾ?’

‘ನಿದ್ದೆ ಬರಲಿಲ್ಲ ಅಂದ್ರೆ ಬರ್ರಿ, ಹೇಳ್ತೀನಿ.’

ಆ ಮಾತಿನ ಅಲಗು ಸರ್‌ಗೆ ಆಗ ತಾಗಲಿಲ್ಲ, ನನಗೂ ತಾಗಲಿಲ್ಲ. ಹದಿನೈದು ದಿನದೊಳಗೆ ಅವರಿಗೆ ನಿದ್ದೆ ಬಂತು. ಬೋರ್ಡಿಗೆ ಕೈ ಊರುವುದು ನಿಂತಿತು. ಸಂತೋಷದಿಂದ ಇನ್ನೊಮ್ಮೆ ಹೋಗಿ ಡಬ್ಬಿ ತುಂಬಿಸಿಕೊಂಡು ಬಂದರು. ಆಮೇಲೆ ಶುರುವಾಯಿತು. ಯಾವುದಿರಬಹುದು ಎಂದು ನನ್ನನ್ನು ಕೇಳಿದರು. ಒಂದು ವಾರ ಬಿಟ್ಟು ಮತ್ತೆ ಕೇಳಿದರು. ಬೇರಾಗಿದ್ದರೆ, ತಾವು ವೇದಿಕೆಯ ಮೇಲೆ ಕೆಡವಿದವನೇ ತಮ್ಮನ್ನು ಎತ್ತಿ ನಿಲ್ಲಿಸಿದ್ದ. ಹಿಟ್ಟಾಗಿದ್ದರೆ, ನಂಬಿ ಮೋಸಹೋದ ಹಳ್ಳಿಯವರೆಂದು ತಾವು ಯಾರನ್ನು ನೋಡಿ ನಕ್ಕಿದ್ದರೋ ಅವರ ಸಾಲಿನಲ್ಲೇ ತಾವೂ ಕೂತಿದ್ದರು. ಮೂರನೇ ದಾರಿ ಇರಲಿಲ್ಲ. ಫೋನಿನಲ್ಲಿ ಒಮ್ಮೆ, ದನಿ ತಗ್ಗಿಸಿ, ‘ನಿನಗೇನಾದರೂ ಹೇಳಿದರೇನಮ್ಮ?’ ಎಂದರು. ನನ್ನನ್ನು ಅಮ್ಮ ಎಂದು ಅವರು ಕರೆದದ್ದು ಅದೊಂದೇ ಸಲ. ಆ ದಿನ ನಾನು ಹೊಟ್ಟೆ ತುಂಬಾ ಊಟ ಮಾಡಿದೆ.

ಬೋರಜ್ಜನಿಗೆ ಉಸಿರಿನ ತೊಂದರೆ ಹೆಚ್ಚಿದೆ ಎಂದು ತಿಳಿದು ಕೊನೆಯ ಸಲ ನೋಡಲು ಹೋದೆ. ಗೌರಸಮುದ್ರದಿಂದ ಮಗಳು ಬಂದು ನೋಡಿಕೊಳ್ಳುತ್ತಿದ್ದಳು. ಗೋಡೆಗೆ ಒರಗಿ ಕೂತಿದ್ದ. ಎರಡೂ ಗೋಡೆಗಳ ಗೀಟುಗಳನ್ನು ವಿಡಿಯೋ ಬಂದ ವಾರವೇ ಸುಣ್ಣ ಬಳಿದು ಮುಚ್ಚಿಸಿದ್ದನಂತೆ. ಮೂರು ತಲೆಮಾರಿಗೆ ಉಪಯೋಗಕ್ಕೆ ಬರಬಹುದಾಗಿದ್ದ ಲೆಕ್ಕ ಅದು. ಕೊನೆಗೆ ನಾನೇ ಕೇಳಿದೆ. ಮೇಷ್ಟ್ರಿಗೆ ಬಿದ್ದಿದ್ದು ಬಿಳಿಯೋ, ಕರಿಯೋ?

ಅವನು ನಕ್ಕ. ನಗು ಕೆಮ್ಮಾಯಿತು. ಮಗಳು ನೀರು ಕೊಟ್ಟಳು.

‘ನಿಂಗೆ ಹೇಳಿದ್ರೆ ಅವನಿಗೆ ಹೇಳ್ತೀಯ ಲಾಯರಮ್ಮ. ಹಿಂದೆ ಒಂದ್ಸಲ ಹೇಳಿದೀಯ.’

ನಾನು ಹೇಳುವುದಿಲ್ಲ ಎಂದೆ. ಅವನು ನನ್ನ ಕೈ ನೋಡಿದ. ಅದು ದುಪಟ್ಟಾದ ತುದಿ ಹಿಂಡುತ್ತಿತ್ತು. ಮಗಳನ್ನು ಕರೆದು, ಈ ಹುಡುಗಿಗೆ ಕತ್ತಲಾಗುವ ಮುಂಚೆ ಬಸ್ಸು ಹತ್ತಿಸು ಎಂದು ಹೇಳಿ ಆ ಕಡೆ ಹೊರಳಿ ಮಲಗಿದ. ಆ ವಾರವೇ ಹೋದ. ನನ್ನನ್ನೂ ಕ್ಷಮಿಸಲಿಲ್ಲ. ಅದು ಸರಿಯೇ. ನನಗೆ ಅವನ ಕ್ಷಮೆಯ ಹಕ್ಕಿಲ್ಲ. ಅವನ ಸಿಟ್ಟನ್ನು ಯಾರೂ ಕದಿಯದ ಹಾಗೆ ಕಾಯುವ ಹಕ್ಕಿದೆ.

ಸಂತಾಪ ಸಭೆ ಮುಗಿದ ಮೇಲೆ ನಿಮ್ಮ ಮನೆಯವರು ಸಿಕ್ಕಿದ್ದರು, ಸರ್. ನೀವು ಹೇಳದ್ದನ್ನು ಅವರು ಹೇಳಿದರು. ಎರಡನೇ ಸಲ ತುಂಬಿಸಿ ತಂದ ಡಬ್ಬಿಯನ್ನು ನೀವು ಮುಗಿಸಿಲ್ಲವಂತೆ. ತಳದಲ್ಲಿ ನಾಲ್ಕು ಚಮಚ ಉಳಿಸಿ, ಮುಚ್ಚಳಕ್ಕೆ ಟೇಪು ಸುತ್ತಿ, ಬೀರುವಿನೊಳಗೆ ಇಟ್ಟಿದ್ದೀರಂತೆ. ಯಾರೂ ಮುಟ್ಟುವ ಹಾಗಿಲ್ಲವಂತೆ. ಬೇರಿನ ಪುಡಿಯಲ್ಲಿ ನಾರು ಕಾಣುತ್ತದೆ, ಜೋಳದ ಹಿಟ್ಟಿನಲ್ಲಿ ಕಾಣುವುದಿಲ್ಲ. ಅದಕ್ಕೆ ದೊಡ್ಡ ವಿಜ್ಞಾನಿ ಬೇಕಿಲ್ಲ, ಒಂದು ಸೂಕ್ಷ್ಮದರ್ಶಕ ಸಾಕು. ಸಸ್ಯಶಾಸ್ತ್ರ ವಿಭಾಗ ನಿಮ್ಮ ಕೋಣೆಯಿಂದ ಎರಡು ಬಾಗಿಲು ದಾಟಿದರೆ ಸಿಗುತ್ತದೆ. ಇಷ್ಟು ತಿಂಗಳಾದರೂ ಆ ಡಬ್ಬಿಯನ್ನು ಅಲ್ಲಿಗೆ ಯಾಕೆ ಒಯ್ಯಲಿಲ್ಲ, ಸರ್?